ಪ್ರೊಸೆಸರ್‌ಗೆ ಪೇಸ್ಟ್ ಹಚ್ಚುವುದು: ಕೂಲರ್ ಬಿಚ್ಚುವುದರಿಂದ ಕೂರಿಸುವವರೆಗೆ

ಗದಗದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಏಪ್ರಿಲ್, ಮೇ ಬಂತೆಂದರೆ ಲಗ್ನಪತ್ರಿಕೆಗಳ ಸುಗ್ಗಿ. ಅಂಥದೇ ಒಂದು ಮಧ್ಯಾಹ್ನ, ಪತ್ರಿಕೆ ಅರ್ಧ ಆಗಿದ್ದಾಗ, ಕಂಪ್ಯೂಟರ್ ಟಪ್ ಅಂತ ಆಫ್ ಆಯಿತು. ಮತ್ತೆ ಆನ್ ಮಾಡಿದೆ. ಐದು ನಿಮಿಷಕ್ಕೆ ಮತ್ತೆ ಆಫ್. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದ ವರನ ಕಾಕಾ ಕೇಳಿದರು: "ಏನ್ರಿ ಸರ, ಹುಡುಗನ ಹೆಸರು ಬಂದಿತ್ತು, ಹುಡುಗಿ ಹೆಸರು ಎಲ್ಲಿ ಹೋತ್ರಿ?"

ಬಿಸಿ ಜಾಸ್ತಿಯಾಗಿ ಆಫ್ ಆಗುತ್ತಿರಬೇಕು ಅನ್ನಿಸಿ, ಅವರನ್ನು ಚಹಾಕ್ಕೆ ಕಳಿಸಿ ಕ್ಯಾಬಿನೆಟ್ ಬಿಚ್ಚಿದೆ. ಗಡಿಬಿಡಿಯಲ್ಲಿದ್ದೆ. ಕೂಲರ್‌ನ ಸ್ಕ್ರೂ ತೆಗೆದು, ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆದೆ. ಬಾಟಲಿಯ ಬೂಚು ಕಿತ್ತಂಥ ಸದ್ದು ಬಂತು. ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬಂದಿತ್ತು! ಶಾಖ ದಾಟಿಸಲು ಎರಡರ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ, ಅದನ್ನು ಸಿಮೆಂಟಿನ ಹಾಗೆ ಹಿಡಿದುಕೊಂಡಿತ್ತು. ತಿರುಗಿಸಿ ನೋಡಿದರೆ ಸಾವಿರಕ್ಕೂ ಹೆಚ್ಚು ಪಿನ್ನುಗಳ ಸಾಲಿನಲ್ಲಿ ಎರಡು ಪಿನ್ನು ಬಾಗಿದ್ದವು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಯನ್ನು ಒಂದೊಂದೇ ಪಿನ್ನಿಗೆ ತೂರಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ನಲವತ್ತು ನಿಮಿಷ ಹೋಯಿತು. ಕಾಕಾ ಎರಡನೇ ಚಹಾ ಮುಗಿಸಿ ಬಂದಿದ್ದರು.

ಅವತ್ತು ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಇಡೀ ಡಬ್ಬಿಗೇ 'ಸಿಪಿಯು' ಅನ್ನುತ್ತೇವೆ. ಇಲ್ಲಿ ಆ ಗೊಂದಲ ಬೇಡ. ಡಬ್ಬಿ ಅಂದರೆ ಕ್ಯಾಬಿನೆಟ್, ಒಳಗಿನ ಚಿಪ್ಪು ಪ್ರೊಸೆಸರ್, ಅದರ ಮೇಲೆ ಕೂರುವ ಲೋಹದ ಗಟ್ಟಿ ಮತ್ತು ಫ್ಯಾನ್ ಸೇರಿ ಕೂಲರ್.

ರೊಟ್ಟಿ ಮತ್ತು ಹಂಚು

ಜೋಳದ ರೊಟ್ಟಿ ಬೇಯಿಸುವುದನ್ನು ನೋಡಿದ್ದೀರಿ ಅಲ್ವಾ? ಹಂಚಿಗೆ ತಾಗಿದ ಕಡೆ ಬೇಯುತ್ತದೆ. ಅಡಿಯಲ್ಲಿ ಗಾಳಿ ಸಿಕ್ಕು ಎದ್ದ ಕಡೆ ಹಸಿ ಉಳಿಯುತ್ತದೆ. ಅದಕ್ಕೇ ಅವ್ವ ಅರಿವೆಯ ಉಂಡೆ ಹಿಡಿದು ಅಂಚಂಚಿಗೆ ಒತ್ತುತ್ತಾಳೆ. ಹಂಚಿನ ಬಿಸಿಗೇನೂ ಕಡಿಮೆ ಇಲ್ಲ, ನಡುವಿನ ಗಾಳಿ ಅದನ್ನು ದಾಟಲು ಬಿಡುವುದಿಲ್ಲ.

ಪ್ರೊಸೆಸರ್ ಮತ್ತು ಕೂಲರ್ ನಡುವೆಯೂ ಇದೇ ಕತೆ. ಎರಡೂ ಕಣ್ಣಿಗೆ ನುಣುಪಾಗಿ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ತಗ್ಗು ದಿಣ್ಣೆ. ಎರಡನ್ನೂ ಒತ್ತಿ ಇಟ್ಟರೆ ದಿಣ್ಣೆಗಳು ಮಾತ್ರ ತಾಗುತ್ತವೆ, ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಆ ಗಾಳಿಯನ್ನು ಹೊರಗೆ ತಳ್ಳಿ ಜಾಗ ತುಂಬುವುದಷ್ಟೇ ಪೇಸ್ಟ್‌ನ ಕೆಲಸ. ಪೇಸ್ಟ್ ತಾನಾಗಿ ಯಾವುದನ್ನೂ ತಣ್ಣಗೆ ಮಾಡುವುದಿಲ್ಲ.

ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವುದಕ್ಕೆ ವ್ಯಾಟ್ ಪರ್ ಮೀಟರ್ ಕೆಲ್ವಿನ್ ಅಂತ ಒಂದು ಅಳತೆ ಇದೆ. ತಾಮ್ರಕ್ಕೆ ಸುಮಾರು 400. ಅಲ್ಯೂಮಿನಿಯಂಗೆ 235ರ ಆಸುಪಾಸು. ಗಾಳಿಗೆ ಬರೀ 0.026. ಪೇಸ್ಟ್‌ಗಳು 1ರಿಂದ ಶುರುವಾಗಿ ಹನ್ನೆರಡು ಹದಿಮೂರರವರೆಗೆ ಹೋಗುತ್ತವೆ. ಅಂದರೆ ಗಾಳಿಯ ಮುಂದೆ ಪೇಸ್ಟ್ ದೊಡ್ಡ ಪೈಲ್ವಾನ, ತಾಮ್ರದ ಮುಂದೆ ಏನೂ ಅಲ್ಲ. ಇಷ್ಟು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ತಗ್ಗು ತುಂಬಲು ಬೇಕಾದಷ್ಟು ಪೇಸ್ಟ್ ಬೇಕು, ಅದಕ್ಕಿಂತ ಜಾಸ್ತಿಯಾದರೆ ಅದೇ ಅಡ್ಡಗೋಡೆ.

ಒಂದು ಲೆಕ್ಕ ಹಾಕೋಣ. 65 ವ್ಯಾಟ್ ಪ್ರೊಸೆಸರ್, ಮೇಲ್ಮೈ ನಾಲ್ಕು ಸೆಂಟಿಮೀಟರ್ ಚೌಕ. ನಡುವಿನ ಪದರ 0.05 ಮಿಲಿಮೀಟರ್ ಅಂದುಕೊಳ್ಳಿ. ನಾವು ಝೆರಾಕ್ಸ್‌ಗೆ ಹಾಕುವ ಹಾಳೆಯ ಅರ್ಧ ದಪ್ಪ. ಆ ಪದರ ಪೂರ್ತಿ ಗಾಳಿಯಾಗಿದ್ದರೆ, ಅದನ್ನು ದಾಟುವಷ್ಟರಲ್ಲಿ ಸುಮಾರು 78 ಡಿಗ್ರಿ ವ್ಯತ್ಯಾಸ ಬೀಳುತ್ತದೆ. 1ರ ಅಳತೆಯ ಅಗ್ಗದ ಬಿಳಿ ಪೇಸ್ಟ್ ಇದ್ದರೆ 2 ಡಿಗ್ರಿ. 8.5ರ ಪೇಸ್ಟ್ ಇದ್ದರೆ ಕಾಲು ಡಿಗ್ರಿ! ಈಗ ಅದೇ ಬಿಳಿ ಪೇಸ್ಟನ್ನು ಹತ್ತು ಪಟ್ಟು ದಪ್ಪ, ಅಂದರೆ ಅರ್ಧ ಮಿಲಿಮೀಟರ್ ಬಳಿದು ನೋಡಿ, 20 ಡಿಗ್ರಿ ಆಗುತ್ತದೆ. ನಿಜವಾದ ಯಂತ್ರದಲ್ಲಿ ಬಿಸಿ ಹುಟ್ಟುವುದು ಪ್ರೊಸೆಸರ್‌ನ ಲೋಹದ ಮುಚ್ಚಳದ ಕೆಳಗಿನ ಸಣ್ಣ ಸಿಲಿಕಾನ್ ತುಣುಕಿನಲ್ಲಿ. ಹಾಗಾಗಿ ಅಲ್ಲಿ ಅಂಕಿಗಳು ಇದಕ್ಕಿಂತ ಜಾಸ್ತಿಯೇ ಬರುತ್ತವೆ. ಆದರೆ ಯಾವುದು ದೊಡ್ಡದು, ಯಾವುದು ಸಣ್ಣದು ಅನ್ನುವುದು ಬದಲಾಗುವುದಿಲ್ಲ. ಪೇಸ್ಟ್‌ನ ಬ್ರ್ಯಾಂಡ್‌ಗಿಂತ ಕೂಲರ್ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನುವುದೇ ಮುಖ್ಯ.

ಮೊದಲು ದೂಳು ನೋಡಿ

ಕಂಪ್ಯೂಟರ್ ಬಿಸಿಯಾದ ಕೂಡಲೇ ಎಲ್ಲರೂ ಪೇಸ್ಟ್ ಮೇಲೆ ಹಾರುತ್ತಾರೆ. ಅರ್ಧಕ್ಕರ್ಧ ಸಲ ತಪ್ಪು ಪೇಸ್ಟ್‌ದಲ್ಲ.

ಬ್ಯಾಡಗಿ ಮಾರ್ಕೆಟ್‌ನ ಒಂದು ದಲಾಲಿ ಅಂಗಡಿಯ ಕಂಪ್ಯೂಟರ್ ನೋಡಲು ಹೋಗಿದ್ದೆ. ಕ್ಯಾಬಿನೆಟ್ ಬಾಗಿಲು ತೆಗೆದರೆ ಕೂಲರ್‌ನ ರೆಕ್ಕೆಗಳ ಸಂದಿಯಲ್ಲಿ ಕೆಂಪು ಕಂಬಳಿ ಹೊದಿಸಿದ ಹಾಗಿತ್ತು. ಮೆಣಸಿನಕಾಯಿ ದೂಳು. ಯೋಚನೆ ಮಾಡದೆ ಬ್ಲೋವರ್ ಹಿಡಿದೆ. ಮುಂದಿನ ಹತ್ತು ನಿಮಿಷ ಮಾಲೀಕರು, ಹಮಾಲರು, ನಾನು, ಎಲ್ಲರೂ ಸೀನಿದ್ದೇ ಸೀನಿದ್ದು. ಪೇಸ್ಟ್ ಮುಟ್ಟಲೇ ಇಲ್ಲ, ಬಿಸಿ ಇಳಿಯಿತು. ಬೆಟಗೇರಿಯ ಮಗ್ಗದ ಮನೆಗಳಲ್ಲಿ ನೂಲಿನ ಎಳೆ, ನಮ್ಮಂಥ ಪ್ರಿಂಟಿಂಗ್ ಅಂಗಡಿಗಳಲ್ಲಿ ಕಾಗದದ ಪುಡಿ. ಊರಿಗೊಂದು ದೂಳು.

ಹಾಗಾದರೆ ತಪ್ಪು ಎಲ್ಲಿದೆ ಅಂತ ತಿಳಿಯುವುದು ಹೇಗೆ? ಕೈಯೇ ಥರ್ಮಾಮೀಟರ್. (ಪ್ರೊಸೆಸರ್‌ನ ಡಿಗ್ರಿ ತೋರಿಸುವ ತಂತ್ರಾಂಶಗಳ ಹೆಸರು ಕೊನೆಯಲ್ಲಿ ಕೊಟ್ಟಿದ್ದೇನೆ.) ಪ್ರೊಸೆಸರ್ ತೊಂಬತ್ತು ಡಿಗ್ರಿ ತೋರಿಸುತ್ತಿರುವಾಗ ಕೂಲರ್‌ನ ಲೋಹವನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಫ್ಯಾನ್ ತಿರುಗುತ್ತಿರುತ್ತದೆ, ಬೆರಳು ಜೋಪಾನ. ಲೋಹವೂ ಸುಡುತ್ತಿದ್ದರೆ ಶಾಖ ಕೂಲರ್‌ವರೆಗೆ ಸರಿಯಾಗಿಯೇ ಬರುತ್ತಿದೆ, ಅಲ್ಲಿಂದ ಹೊರಗೆ ಹೋಗುತ್ತಿಲ್ಲ ಅಂತ ಅರ್ಥ. ದೂಳು ತೆಗೆಯಿರಿ, ಫ್ಯಾನ್ ನೋಡಿ. ಪ್ರೊಸೆಸರ್ ಸುಡುತ್ತಿದೆ, ಲೋಹ ಮಾತ್ರ ಉಗುರುಬೆಚ್ಚಗಿದೆ ಅಂದರೆ ನಡುವಿನ ದಾರಿ ಕೆಟ್ಟಿದೆ. ಪೇಸ್ಟ್ ಒಣಗಿದೆ, ಇಲ್ಲವೇ ಕೂಲರ್‌ನ ಒಂದು ಮೂಲೆ ಎದ್ದಿದೆ. ಆಗ ಬಿಚ್ಚಿ.

ಒಳ್ಳೆಯ ಪೇಸ್ಟ್ ನಾಲ್ಕೈದು ವರ್ಷ ತಡೆಯುತ್ತದೆ, ಅಗ್ಗದ್ದು ಎರಡು ಮೂರು ವರ್ಷಕ್ಕೆ ಒಣಗುತ್ತದೆ. ಯಾವ ಕಾರಣಕ್ಕೇ ಆಗಲಿ, ಒಮ್ಮೆ ಕೂಲರ್ ಎತ್ತಿದರೆ ಹಳೇ ಪೇಸ್ಟ್ ಮೇಲೆ ಅದನ್ನೇ ಮತ್ತೆ ಕೂರಿಸಬೇಡಿ.

ಯಾವುದನ್ನು ಕೊಳ್ಳಬೇಕು

ಅಂಗಡಿಯಲ್ಲಿ 'ಪೇಸ್ಟ್ ಕೊಡ್ರಿ' ಅಂದರೆ ಮೊದಲು ಕೈಗೆ ಬರುವುದು ಸಣ್ಣ ಡಬ್ಬಿ ಅಥವಾ ಪುಟ್ಟ ಪಾಕೀಟಿನ ಬಿಳಿ ಪೇಸ್ಟ್. ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಕಲಸಿದ್ದು. ಬರೀ ಟೈಪಿಂಗ್ ಮಾಡುವ ಹಳೇ ಆಫೀಸ್ ಕಂಪ್ಯೂಟರ್‌ಗೆ ಅಡ್ಡಿಯಿಲ್ಲ, ಆದರೆ ಬೇಗ ಒಣಗುತ್ತದೆ. ನಾನು ಮಾತ್ರ ತೆಗೆದುಕೊಳ್ಳುವುದು ಸಿರಿಂಜ್‌ನಲ್ಲಿ ಬರುವ ಬೂದು ಬಣ್ಣದ್ದನ್ನು. ಆರ್ಕ್ಟಿಕ್ ಎಂಎಕ್ಸ್-4, ನಾಕ್ಟುವಾ ಎನ್‌ಟಿ-ಎಚ್1, ಇಂಥವು ವರ್ಷಗಳಿಂದ ಹೆಸರು ಮಾಡಿದವು. ವಿದ್ಯುತ್ ಹರಿಸುವುದಿಲ್ಲ. ಅಪ್ಪಿತಪ್ಪಿ ಪ್ರೊಸೆಸರ್ ಕೂತಿರುವ ಮದರ್‌ಬೋರ್ಡ್ ಮೇಲೆ ಬಿದ್ದರೂ ಸುಟ್ಟುಹೋಗುವ ಭಯ ಇಲ್ಲ. ಮನೆಯಲ್ಲಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ. ನಾಲ್ಕು ಗ್ರಾಂನ ಸಿರಿಂಜ್ ಏಳೆಂಟು ಸಲಕ್ಕೆ ಬರುತ್ತದೆ.

ಡಬ್ಬಿಯ ಮೇಲಿನ ಅಂಕಿಗೆ ಮರುಳಾಗಬೇಡಿ. ಎಂಎಕ್ಸ್-4 ತಯಾರಕರು ಹೇಳಿದ್ದು 8.5. ಥರ್ಮಲ್ ಗ್ರಿಜ್ಲಿ ಕ್ರಯೋನಾಟ್‌ನವರು ಹೇಳುವುದು 12.5. ಬಳಸಿದಾಗ ವ್ಯತ್ಯಾಸ ಒಂದೆರಡು ಡಿಗ್ರಿ. ಅದಕ್ಕೆ ಸುರಿಯುವ ದುಡ್ಡಿನಲ್ಲಿ ಕ್ಯಾಬಿನೆಟ್‌ಗೆ ಇನ್ನೊಂದು ಫ್ಯಾನ್ ಹಾಕಿಸಿದರೆ ಜಾಸ್ತಿ ಲಾಭ. ಹೆಸರಾದ ಪೇಸ್ಟ್‌ಗಳಿಗೆ ನಕಲಿಯೂ ಇದೆ, ಹಾಗಾಗಿ ಅರ್ಧ ಬೆಲೆಗೆ ಸಿಕ್ಕರೆ ಅನುಮಾನ ಪಡಿ.

ಲಿಕ್ವಿಡ್ ಮೆಟಲ್ ಅಂತ ಒಂದು ಬರುತ್ತದೆ. ಗ್ಯಾಲಿಯಂ ಬೆರೆತ, ಪಾದರಸದಂತೆ ಹರಿದಾಡುವ ಲೋಹ. ಶಾಖವನ್ನು ಚೆನ್ನಾಗಿಯೇ ದಾಟಿಸುತ್ತದೆ. ಆದರೆ ಗ್ಯಾಲಿಯಂ ಅಲ್ಯೂಮಿನಿಯಂ ಒಳಗೆ ಇಳಿದು ಅದನ್ನು ಬಿಸ್ಕತ್ತಿನಂತೆ ಪುಡಿಪುಡಿ ಮಾಡುತ್ತದೆ, ಮತ್ತು ಕಂಪ್ಯೂಟರ್ ಜೊತೆ ಬರುವ ಕೂಲರ್‌ಗಳು ಬಹುಪಾಲು ಅಲ್ಯೂಮಿನಿಯಂ. ಮೇಲಾಗಿ ಅದು ವಿದ್ಯುತ್ ಹರಿಸುತ್ತದೆ. ಒಂದು ಹನಿ ಬೋರ್ಡಿಗೆ ಬಿದ್ದರೆ ಮುಗಿಯಿತು. ನನ್ನ ಮಾತು ಕೇಳಿ, ಬೇಡ.

ಹೊಸ ಕೂಲರ್ ತಂದರೆ ಅಡಿಭಾಗ ನೋಡಿ. ಇಂಟೆಲ್, ಎಎಂಡಿ ಕಂಪನಿಗಳ ಪ್ರೊಸೆಸರ್ ಡಬ್ಬಿಯಲ್ಲೇ ಜೊತೆಗೆ ಬರುವ ಕೂಲರ್‌ಗಳಿಗೆ ಬೂದು ಪೇಸ್ಟ್ ಮೊದಲೇ ಹಚ್ಚಿರುತ್ತಾರೆ. ಅದರ ಮೇಲೆ ಮತ್ತೆ ಹಚ್ಚಬೇಡಿ. ಇದ್ದದ್ದನ್ನೇ ಬಳಸಿ, ಇಲ್ಲ ಪೂರ್ತಿ ಒರೆಸಿ ನಿಮ್ಮದನ್ನು ಹಾಕಿ. ಬೇರೆಯಾಗಿ ಕೊಂಡ ಕೂಲರ್‌ನ ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿರಬಹುದು. ಅದನ್ನು ಕೀಳದೆ ಕೂರಿಸಿ ಆಮೇಲೆ ತಲೆ ಕೆರೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಬಿಚ್ಚುವುದು

ಬೇಕಾದ ಸಾಮಾನು ಹೆಚ್ಚೇನಿಲ್ಲ. ಪ್ಲಸ್ ತುದಿಯ ಸ್ಕ್ರೂಡ್ರೈವರ್, ಮೆತ್ತನೆ ಬ್ರಷ್, ಒಗೆದು ಒಣಗಿಸಿದ ಹಳೇ ಧೋತರದ ನಾಲ್ಕು ತುಂಡು, ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್. ಈ ಉದ್ದ ಹೆಸರನ್ನು ಯಾರೂ ಹೇಳುವುದಿಲ್ಲ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಕಡೆಯ ಮೊಬೈಲ್ ರಿಪೇರಿಯವರ ಹತ್ತಿರ "ಐಪಿಎ ಐತೇನ್ರಿ?" ಅಂದರೆ ಸಾಕು. ಬೋರ್ಡ್ ತೊಳೆಯಲು ಅವರು ಅದನ್ನೇ ಬಳಸುತ್ತಾರೆ. 90 ಶೇಕಡಾಕ್ಕಿಂತ ಮೇಲಿನದು ಒಳ್ಳೆಯದು. ಸ್ಯಾನಿಟೈಜರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಟಿಶ್ಯೂ ಪೇಪರ್ ಎಳೆ ಬಿಡುತ್ತದೆ. ಒಗೆದು ಒಗೆದು ತೆಳುವಾದ ಧೋತರದಂಥ ಬಟ್ಟೆ ಮಾತ್ರ ಇನ್ನೊಂದಿಲ್ಲ.

ಈಗ ನಾನು ಅವತ್ತು ಮಾಡದೇ ಬಿಟ್ಟ ಕೆಲಸ. ಬಿಚ್ಚುವ ಮುಂಚೆ ಕಂಪ್ಯೂಟರನ್ನು ಐದು ಹತ್ತು ನಿಮಿಷ ಓಡಿಸಿ. ಒಂದು ವಿಡಿಯೊ ಹಾಕಿ ಬಿಡಿ. ಬಿಸಿಗೆ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಸರಿಯಾಗಿ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಕಂಬಳಿ ಮೇಲೆ ಕೂತು ಈ ಕೆಲಸ ಮಾಡಬೇಡಿ, ಅದರಲ್ಲೂ ಚಳಿಗಾಲದ ಒಣ ಹವೆಯಲ್ಲಿ. ಮುಟ್ಟುವ ಮುಂಚೆ ಕ್ಯಾಬಿನೆಟ್‌ನ ಬರಿ ಲೋಹಕ್ಕೆ ಕೈ ತಾಗಿಸಿ.

ಕ್ಯಾಬಿನೆಟ್ ಮಲಗಿಸಿ, ಫ್ಯಾನ್ ವೈರ್ ಕೀಳಿರಿ. ಇಂಟೆಲ್‌ನ ಸಾದಾ ಕೂಲರ್ ಆದರೆ ನಾಲ್ಕು ಮೂಲೆಗೆ ಪ್ಲಾಸ್ಟಿಕ್ ಗುಂಡಿಗಳಿರುತ್ತವೆ, ತಲೆಯ ಮೇಲೆ ಬಾಣದ ಗುರುತು. ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಸ್ಕ್ರೂ ಇರುವ ಕೂಲರ್ ಆದರೆ ಒಂದನ್ನೇ ಪೂರ್ತಿ ಬಿಚ್ಚಬೇಡಿ. ಒಂದು ಮೂಲೆಗೆ ಎರಡು ಸುತ್ತು, ಆಮೇಲೆ ಎದುರು ಮೂಲೆಗೆ ಎರಡು ಸುತ್ತು. ಎಎಂಡಿಯ ಸಣ್ಣ ಕೂಲರ್‌ಗಳ ಸ್ಕ್ರೂಗಳು ಬೋರ್ಡಿನ ಹಿಂದಿರುವ ಲೋಹದ ಪಟ್ಟಿಗೆ ಬಿಗಿದಿರುತ್ತವೆ. ಕೊನೆಯ ಸ್ಕ್ರೂ ಬಿಚ್ಚಿದ ಕೂಡಲೇ ಆ ಪಟ್ಟಿ ಹಿಂದೆ ಬಿದ್ದುಹೋಗಬಹುದು. ಒಂದು ಕೈ ಹಿಂದೆ ಇರಲಿ.

ಇನ್ನು ಎತ್ತುವುದು. ನೆಟ್ಟಗೆ ಎಳೆಯಬೇಡಿ. ಕೂಲರನ್ನು ಹಿಡಿದು, ಸಿಕ್ಕಿಕೊಂಡ ಡಬ್ಬಿಯ ಮುಚ್ಚಳ ತಿರುಗಿಸುವ ಹಾಗೆ, ಆ ಕಡೆ ಈ ಕಡೆ ಮೆಲ್ಲಗೆ ಹೊರಳಿಸಿ. ಮೊದಲು ಏನೂ ಆಗುವುದಿಲ್ಲ. ಹತ್ತಿಪ್ಪತ್ತು ಸಲ ಹೊರಳಿಸಿದ ಮೇಲೆ ಪೇಸ್ಟ್ ಬಿಟ್ಟುಕೊಂಡದ್ದು ಕೈಗೇ ಗೊತ್ತಾಗುತ್ತದೆ. ಆಗ ಓರೆಯಾಗಿ ಜಾರಿಸಿ ತೆಗೆಯಿರಿ.

ಎಎಂ4 ಹೆಸರಿನ ಸಾಕೆಟ್‌ಗೆ, ಅಂದರೆ ಬೋರ್ಡಿನ ಖಾನೆಗೆ, ಕೂರುವ ಎಎಂಡಿ ಪ್ರೊಸೆಸರ್‌ಗಳಲ್ಲಿ ಈ ಎಚ್ಚರ ಎರಡು ಪಟ್ಟು ಬೇಕು. ಪಿನ್ನುಗಳು ಪ್ರೊಸೆಸರ್‌ನಲ್ಲೇ ಇರುತ್ತವೆ, ಸಾಕೆಟ್ ಅವನ್ನು ಪಕ್ಕದಿಂದ ಹಿಡಿದಿರುತ್ತದೆ ಅಷ್ಟೆ. ಮೇಲಿನಿಂದ ಒತ್ತಿ ಹಿಡಿಯುವ ಚೌಕಟ್ಟು ಇಲ್ಲ. ಅದಕ್ಕೇ ಪ್ರೊಸೆಸರ್ ಸರಪಳಿ ಬಿಚ್ಚಿದ ಕರುವಿನ ಹಾಗೆ ಕೂಲರ್‌ನ ಹಿಂದೆ ಬಂದುಬಿಡುತ್ತದೆ. ಇಂಟೆಲ್‌ನವರು 2004ರಲ್ಲೇ ಪಿನ್ನುಗಳನ್ನು ಬೋರ್ಡ್ ಕಡೆಗೆ ಸಾಗಿಸಿ, ಪ್ರೊಸೆಸರ್ ಮೇಲೆ ಲೋಹದ ಚೌಕಟ್ಟು ಹಾಕಿದರು. ಎಎಂಡಿ ತನ್ನ ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ಆ ದಾರಿ ಹಿಡಿದದ್ದು 2022ರ ಎಎಂ5 ಸಾಕೆಟ್‌ನಲ್ಲಿ. ನನ್ನ ಅಂಗಡಿಯ ಯಂತ್ರ ಎಎಂ4.

ಕಿತ್ತು ಬಂದೇ ಬಂದರೆ? ಗಾಬರಿಯಾಗಿ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಲು ಹೋಗಬೇಡಿ. ಕೂಲರನ್ನು ತಲೆಕೆಳಗಾಗಿ, ಪಿನ್ನು ಮೇಲೆ ಕಾಣುವಂತೆ ಇಡಿ. ಕೂದಲು ಒಣಗಿಸುವ ಡ್ರೈಯರ್‌ನಿಂದ ಕೂಲರ್‌ನ ಲೋಹವನ್ನು ಬೆಚ್ಚಗೆ ಮಾಡಿ. ಪ್ರೊಸೆಸರ್‌ನ ಅಂಚುಗಳನ್ನು ಮಾತ್ರ ಹಿಡಿದು ಹೊರಳಿಸಿ.

ಒರೆಸುವುದು

ಮೊದಲು ಒಣ ಬಟ್ಟೆಯಿಂದ ದಪ್ಪ ಪೇಸ್ಟ್ ತೆಗೆಯಿರಿ. ಅಂಚಿನಿಂದ ನಡುವಿಗೆ ಒರೆಸಬೇಕು. ನಡುವಿನಿಂದ ಅಂಚಿಗೆ ಒರೆಸಿದರೆ ಎಲ್ಲ ಬೋರ್ಡಿಗೆ ಇಳಿಯುತ್ತದೆ. ಆಮೇಲೆ ಬಟ್ಟೆಗೆ ಐಪಿಎ ಹಾಕಿ ಒರೆಸಿ. ಬಟ್ಟೆಗೆ ಹಾಕಿ, ಪ್ರೊಸೆಸರ್ ಮೇಲೆ ಸುರಿಯಬೇಡಿ. ಗಟ್ಟಿಯಾಗಿ ಹಿಡಿದಿದ್ದರೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಒಂದೆರಡು ನಿಮಿಷ ಹಾಗೇ ಬಿಡಿ. ಆಗಲೂ ಜಗ್ಗದಿದ್ದರೆ ಸಿಮ್ ಕಾರ್ಡ್ ಮುರಿದು ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಇದೆಯಲ್ಲ, ಅದರಿಂದ ಕೆರೆಯಿರಿ. ಬ್ಲೇಡ್, ಚಾಕು ಬೇಡವೇ ಬೇಡ. ಬಟ್ಟೆ ಬದಲಿಸುತ್ತ ಹೋಗಿ. ಮೂರನೇ ತುಂಡು ಬಿಳಿಯಾಗಿಯೇ ಉಳಿದರೆ ಕೆಲಸ ಆಯಿತು. ಕೂಲರ್‌ನ ಅಡಿಗೂ ಇದೇ ಉಪಚಾರ.

ಇಂಟೆಲ್ ಅಥವಾ ಎಎಂ5 ಆದರೆ ಪ್ರೊಸೆಸರನ್ನು ಸಾಕೆಟ್‌ನಿಂದ ತೆಗೆಯದೆ, ಇದ್ದಲ್ಲೇ ಒರೆಸಿ. ಅದನ್ನು ತೆಗೆದರೆ ಕೆಳಗೆ ಕೂದಲೆಳೆಯಂಥ ಸ್ಪ್ರಿಂಗ್ ಪಿನ್ನುಗಳ ಹೊಲ ಇದೆ. ಬಟ್ಟೆಯ ಒಂದು ಎಳೆ ಸಿಕ್ಕರೂ ಬಾಗುತ್ತವೆ. ಎಎಂ5 ಮುಚ್ಚಳದ ಅಂಚಿಗೆ ಹಲ್ಲು ಹಲ್ಲಾಗಿ ಕಚ್ಚು ಬಿಟ್ಟಿರುತ್ತಾರೆ, ಆ ಸಂದಿಗಳಲ್ಲಿ ಪುಟ್ಟ ಪುಟ್ಟ ಬಿಡಿಭಾಗಗಳು ಕೂತಿರುತ್ತವೆ. ಅಲ್ಲಿಗೆ ಪೇಸ್ಟ್ ಇಳಿದಿದ್ದರೆ ಐಪಿಎಯಲ್ಲಿ ಅದ್ದಿದ ಕಿವಿಕಡ್ಡಿಯಿಂದ ಆದಷ್ಟು ತೆಗೆಯಿರಿ. ಸ್ವಲ್ಪ ಉಳಿದರೂ, ವಿದ್ಯುತ್ ಹರಿಸದ ಪೇಸ್ಟ್ ಆಗಿದ್ದರೆ, ತಲೆ ಕೆಡಿಸಿಕೊಳ್ಳಬೇಡಿ.

ಒಂದು ನಿಮಿಷ ಆರಲು ಬಿಡಿ. ಇನ್ನು ಆ ಮೇಲ್ಮೈಗೆ ಬೆರಳು ತಾಗಿಸಬಾರದು. ಮಧ್ಯಾಹ್ನದ ಮಿರ್ಚಿಯ ಎಣ್ಣೆ ಬೆರಳಲ್ಲಿ ಇದ್ದೇ ಇರುತ್ತದೆ.

ಹಚ್ಚುವುದು

ಸಿರಿಂಜ್ ಬಹಳ ದಿನ ಹಾಗೇ ಇದ್ದರೆ ತುದಿಯಲ್ಲಿ ಎಣ್ಣೆ ಬೇರೆಯಾಗಿ ನಿಂತಿರುತ್ತದೆ. ಮೊದಲ ಚೂರನ್ನು ಕಾಗದದ ಮೇಲೆ ಒತ್ತಿ ತೆಗೆದುಬಿಡಿ. ಕಾಗದದಲ್ಲಿ ಸುತ್ತ ಎಣ್ಣೆಯ ಕಲೆ ಹರಡುವುದು ಕಾಣುತ್ತದೆ. ಬರುತ್ತಿರುವ ಪೇಸ್ಟ್ ಒಂದೇ ಸಮನಾದ ಮೇಲೆ ಪ್ರೊಸೆಸರ್‌ಗೆ ಹೋಗಿ.

ಎಷ್ಟು ಹಾಕಬೇಕು? ಮೇಲಿನ ಲೆಕ್ಕದ ಪ್ರಕಾರ ನಾಲ್ಕು ಸೆಂಟಿಮೀಟರ್ ಚೌಕಕ್ಕೆ 0.05 ಮಿಲಿಮೀಟರ್ ಪದರ ಅಂದರೆ 0.08 ಮಿಲಿಲೀಟರ್. ಸುಮಾರಾಗಿ ಒಂದು ತೊಗರಿಕಾಳು. ಎಲ್ಲ ಕಡೆ ತಲುಪಲಿ ಅಂತ ಅದಕ್ಕಿಂತ ಸ್ವಲ್ಪ ಜಾಸ್ತಿ ಹಾಕುತ್ತೇವೆ. ಇಂಟೆಲ್‌ನ ಹಳೇ ಸಣ್ಣ ಪ್ರೊಸೆಸರ್‌ಗಳಿಗೆ ನಡುವೆ ತೊಗರಿಕಾಳಿನಷ್ಟು ಒಂದು ಚುಕ್ಕಿ ಸಾಕು. ಎಎಂ4, ಎಎಂ5ಗೆ ನಡುವೆ ಒಂದು ತೊಗರಿಕಾಳು, ನಾಲ್ಕು ಮೂಲೆಯ ಕಡೆಗೆ ಒಂದೊಂದು ಹೆಸರುಕಾಳು. ಇಂಟೆಲ್‌ನ 12ನೇ ತಲೆಮಾರಿನಿಂದ ಪ್ರೊಸೆಸರ್ ಉದ್ದವಾಗಿದೆ, ಅಲ್ಲಿ ನಡುವಿನ ಒಂದೇ ಚುಕ್ಕಿ ತುದಿ ಮುಟ್ಟುವುದಿಲ್ಲ. ಉದ್ದಕ್ಕೆ ತೆಳುವಾಗಿ ಎರಡು ಗೆರೆ, ಬೇಕಾದರೆ ವಿಭೂತಿಯ ಹಾಗೆ ಮೂರು ಗೆರೆ ಎಳೆಯಿರಿ.

ಚುಕ್ಕಿಯೋ, ಗೆರೆಯೋ, ಅಡ್ಡಗುರುತೋ ಅಂತ ಜಗಳ ಆಡುವವರಿದ್ದಾರೆ. ಪ್ರಮಾಣ ಸರಿಯಿದ್ದು ಕೂಲರ್ ಸಮನಾಗಿ ಒತ್ತಿದರೆ ಆಕಾರದಿಂದ ಆಗುವ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಮೊದಲೇ ಸವರಿ ಹರಡಬೇಕೇ? ಬೇಡ, ಒತ್ತಡವೇ ಹರಡುತ್ತದೆ. ಪೇಸ್ಟ್ ಬಹಳ ಗಟ್ಟಿ ಇದ್ದರೆ ಮಾತ್ರ ಪ್ಲಾಸ್ಟಿಕ್ ಕಾರ್ಡ್‌ನಿಂದ ತೆಳುವಾಗಿ ಸವರಿ. ಬೆರಳಿಂದ ಬೇಡ.

ನನ್ನ ಅಕ್ಕನ ಮಗ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಾನೆ. ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು.

"ಮಾಮಾ, ಪೇಸ್ಟ್ ನಾಕೂ ಕಡೆ ಹೊರಗ ಬಂದೈತಿ. ಸುಟ್ಟ ಹೋಗ್ತೈತೇನ?"

"ಎಷ್ಟು ಹಚ್ಚಿದ್ಯೋ?"

"ಸಿರಿಂಜ್ ಮುಗೀತಲ್ಲ ಮಾಮಾ."

ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಿದ್ದ. ಜಾಸ್ತಿ ಹಚ್ಚಿದರೆ ಜಾಸ್ತಿ ತಂಪು ಅಂತ ಅವನ ಲೆಕ್ಕ. ಸುಡುವುದಿಲ್ಲ ಅಂತ ಧೈರ್ಯ ಹೇಳಿದೆ. ಒತ್ತಡ ಸರಿಯಿದ್ದರೆ ಹೆಚ್ಚಾದದ್ದು ಹೊರಗೆ ಬರುತ್ತದೆ, ನಡುವೆ ತೆಳು ಪದರವೇ ಉಳಿಯುತ್ತದೆ. ಗಲೀಜು ಆಗುವುದು, ದುಡ್ಡು ಹೋಗುವುದು, ಅಷ್ಟೇ ನಷ್ಟ. ನಿಜ ಹೇಳಬೇಕೆಂದರೆ ಕಡಿಮೆ ಹಚ್ಚುವುದೇ ಹೆಚ್ಚು ಅಪಾಯ. ಒಂದು ಮೂಲೆ ಬರಿದಾಗಿ ಉಳಿದರೆ ಅಲ್ಲಿ ಗಾಳಿ, ಗಾಳಿ ಇದ್ದಲ್ಲಿ ಬಿಸಿ. ಹಾಗಾಗಿ ಅನುಮಾನ ಬಂದರೆ ಇನ್ನೊಂದು ಹೆಸರುಕಾಳು ಹಾಕಿ. ಇಡೀ ಸಿರಿಂಜ್ ಅಲ್ಲ.

ಕೂರಿಸುವುದು, ಬಿಗಿಯುವುದು

ಕೂಲರನ್ನು ನೆಟ್ಟಗೆ ಕೆಳಗೆ ಇಳಿಸಿ. ಒಮ್ಮೆ ತಾಗಿದ ಮೇಲೆ ಎತ್ತಿ ನೋಡುವ ಚಟ ಬೇಡ. ಎತ್ತಿದರೆ ನಡುವೆ ಗಾಳಿಯ ಗುಳ್ಳೆ ಸೇರುತ್ತದೆ. ಎತ್ತಿಬಿಟ್ಟಿರಾ? ಒರೆಸಿ, ಮೊದಲಿನಿಂದ ಶುರು ಮಾಡಿ.

ಸ್ಕ್ರೂ ಬಿಗಿಯುವುದು ಕಾರಿನ ಚಕ್ರದ ನಟ್ಟು ಬಿಗಿದ ಹಾಗೆ. ನಾಲ್ಕನ್ನೂ ಮೊದಲು ಎಳೆಗೆ ಹಿಡಿಸಿ. ಆಮೇಲೆ ಒಂದು ಮೂಲೆಗೆ ಎರಡು ಸುತ್ತು, ಎದುರು ಮೂಲೆಗೆ ಎರಡು ಸುತ್ತು. ಒಂದು ಕಡೆಯನ್ನೇ ಪೂರ್ತಿ ಬಿಗಿದರೆ ಎದುರು ಕಡೆ ಏಳುತ್ತದೆ, ಪೇಸ್ಟ್ ಒಂದು ಕಡೆಗೆ ಸರಿಯುತ್ತದೆ. ಸ್ಪ್ರಿಂಗ್ ಸ್ಕ್ರೂಗಳು ಒಂದು ಹಂತಕ್ಕೆ ತಾವೇ ನಿಲ್ಲುತ್ತವೆ, ಅಲ್ಲಿಗೆ ಬಿಟ್ಟುಬಿಡಿ. ಮೈಬಲ ತೋರಿಸಿದರೆ ಬೋರ್ಡ್ ಬಾಗುತ್ತದೆ.

ಇಂಟೆಲ್‌ನ ಪ್ಲಾಸ್ಟಿಕ್ ಗುಂಡಿಗಳೇ ನನಗೆ ಅತಿ ಕಿರಿಕಿರಿ. ಬಿಚ್ಚುವಾಗ ತಿರುಗಿಸಿದ್ದನ್ನು ಮೊದಲು ವಾಪಸ್ ತಿರುಗಿಸಿಕೊಳ್ಳಬೇಕು. ಆಮೇಲೆ ಎದುರು ಬದುರಿನ ಎರಡನ್ನು ಒಟ್ಟಿಗೆ ಒತ್ತಬೇಕು, 'ಟಕ್' ಅನ್ನಬೇಕು. ಸದ್ದನ್ನು ನಂಬಬೇಡಿ. ಬೋರ್ಡನ್ನು ಹಿಂದಿನಿಂದ ನೋಡಿ. ನಾಲ್ಕು ತೂತಿನಲ್ಲೂ ಬಿಳಿ ಕಾಲು ಸೀಳಿಕೊಂಡು, ನಡುವೆ ಕಪ್ಪು ಕಡ್ಡಿ ಪೂರ್ತಿ ಹೊರಗೆ ಬಂದಿರಬೇಕು. ನಾನು ನೋಡಿದ 'ಪೇಸ್ಟ್ ಹಾಕಿದರೂ ಬಿಸಿ' ಅನ್ನುವ ಯಂತ್ರಗಳಲ್ಲಿ ಬಹಳಷ್ಟಕ್ಕೆ ಮೂರೇ ಕಾಲು ಕೂತಿದ್ದವು.

ಫ್ಯಾನ್ ವೈರನ್ನು ಬೋರ್ಡಿನ ಮೇಲೆ 'ಸಿಪಿಯು ಫ್ಯಾನ್' ಎಂದು ಬರೆದ ಕಡೆಗೇ ಹಾಕಿ. ಮರೆತರೆ ಬಹಳ ಬೋರ್ಡ್‌ಗಳು ಆನ್ ಆದ ಕೂಡಲೇ ಫ್ಯಾನ್ ಇಲ್ಲ ಅಂತ ಗಲಾಟೆ ಮಾಡುತ್ತವೆ. ಮಾಡುವುದೇ ಒಳ್ಳೆಯದು.

ಸರಿ ಕೂತಿದೆಯಾ?

ಎಚ್‌ಡಬ್ಲ್ಯುಇನ್ಫೊ ಅಥವಾ ಕೋರ್ ಟೆಂಪ್, ಎರಡೂ ಪ್ರೊಸೆಸರ್‌ನ ಡಿಗ್ರಿ ತೋರಿಸುವ ತಂತ್ರಾಂಶ, ಮನೆ ಬಳಕೆಗೆ ಉಚಿತ, ಯಾವುದಾದರೂ ಒಂದನ್ನು ಹಾಕಿಕೊಳ್ಳಿ. ಲಿನಕ್ಸ್ ಇದ್ದರೆ ಎಲ್‌ಎಂ-ಸೆನ್ಸರ್ಸ್. ಸಿನೆಬೆಂಚ್‌ನಂಥ ಭಾರದ ಕೆಲಸ ಕೊಟ್ಟು ಹತ್ತು ನಿಮಿಷ ನೋಡಿ. ನೋಡುವಾಗ ಕೋಣೆಯ ಉಷ್ಣತೆಯನ್ನೂ ಬರೆದುಕೊಳ್ಳಿ. ಇದನ್ನು ಎಲ್ಲರೂ ಮರೆಯುತ್ತಾರೆ. ಡಿಸೆಂಬರ್‌ನಲ್ಲಿ ನಮ್ಮ ಅಂಗಡಿ 24 ಡಿಗ್ರಿ, ಏಪ್ರಿಲ್‌ನಲ್ಲಿ 36. ಆ 12 ಡಿಗ್ರಿ ಪ್ರೊಸೆಸರ್‌ಗೂ ಸೇರಿಯೇ ಸೇರುತ್ತದೆ. ಡಿಸೆಂಬರ್‌ನಲ್ಲಿ 68 ತೋರಿಸಿದ್ದು ಏಪ್ರಿಲ್‌ನಲ್ಲಿ 80 ತೋರಿಸಿದರೆ ಪೇಸ್ಟ್ ಕೆಟ್ಟಿಲ್ಲ, ಬಿಸಿಲು ಬಂದಿದೆ.

65 ವ್ಯಾಟ್ ಪ್ರೊಸೆಸರ್, ಜೊತೆಗೆ ಬಂದ ಕೂಲರ್, ನಮ್ಮ ಬೇಸಿಗೆ. ಪೂರ್ತಿ ಭಾರದಲ್ಲಿ 75ರಿಂದ 85ರ ನಡುವೆ ಇದ್ದರೆ ನಾನು ಸುಮ್ನೆ ಇರುತ್ತೇನೆ. ಇಂಟೆಲ್‌ನ 12, 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ, ಎಎಂಡಿಯ ರೈಜೆನ್ 7000 ಸಾಲಿನದು ಬಹುತೇಕ 95. ಮಿತಿ ಮುಟ್ಟಿದರೆ ಅವು ತಾವೇ ವೇಗ ಇಳಿಸಿಕೊಳ್ಳುತ್ತವೆ. ಆದರೆ ಆನ್ ಮಾಡಿ ಕೆಲವೇ ಸೆಕೆಂಡಿಗೆ 95 ದಾಟಿತು ಅಂದರೆ ಕೂಲರ್ ತಾಗಿಯೇ ಇಲ್ಲ. ಕೂಡಲೇ ಆಫ್ ಮಾಡಿ.

ಆಗ ಬಿಚ್ಚಿ ಅಚ್ಚು ನೋಡಿ. ಕೂಲರ್ ಎತ್ತಿದಾಗ ಎರಡೂ ಕಡೆ ಪೇಸ್ಟ್‌ನ ಅಚ್ಚು ಉಳಿದಿರುತ್ತದೆ. ನಡುವೆ ತೆಳುವಾಗಿ, ಕೆಳಗಿನ ಲೋಹ ಮಸುಕಾಗಿ ಕಾಣುವಂತೆ, ಅಂಚಿನವರೆಗೆ ಹರಡಿದ್ದರೆ ಸರಿಯಾಗಿತ್ತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಓರೆ ಕೂತಿತ್ತು. ಚುಕ್ಕಿ ಇಟ್ಟ ಹಾಗೇ ಇದ್ದರೆ ಕೂಲರ್ ಒತ್ತಿಯೇ ಇರಲಿಲ್ಲ. ಗದಗದಂಥ ಪ್ರಿಂಟಿಂಗ್ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ಲೇಟ್ ಒತ್ತಡ ಸಮ ಇಲ್ಲದಿದ್ದರೆ ಹಾಳೆಯೇ ಹೇಳುತ್ತದೆ.

ಲ್ಯಾಪ್‌ಟಾಪ್ ಬಗ್ಗೆ ಎರಡೇ ಮಾತು. ಅಲ್ಲಿ ಸಿಲಿಕಾನ್ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಬರಿ ಚಿಪ್ಪೇ ಇರುತ್ತದೆ, ಮೂಲೆ ಮುರಿಯುವುದು ಸುಲಭ. ಬಿಸಿಯಾಗಿ ಆರುವ ಪ್ರತಿ ಸಲ ತೆಳು ಪೇಸ್ಟ್ ಪಕ್ಕಕ್ಕೆ ಜಾರುತ್ತದೆ, ಹಾಗಾಗಿ ಗಟ್ಟಿ ಪೇಸ್ಟ್ ಅಥವಾ ಹನಿವೆಲ್‌ನ ಪಿಟಿಎಂ7950ಯಂಥ, ಬಿಸಿಗೆ ಮೆತ್ತಗಾಗುವ ಹಾಳೆ ವಾಸಿ. ಪಕ್ಕದ ಮೆಮೊರಿ ಚಿಪ್ಪುಗಳ ಮೇಲೆ ಮೆತ್ತನೆ ಪ್ಯಾಡ್ ಇದ್ದರೆ ಅದನ್ನು ತೆಗೆದು ಪೇಸ್ಟ್ ಹಚ್ಚಬೇಡಿ. ಅಲ್ಲಿನ ಸಂದು ಒಂದು ಮಿಲಿಮೀಟರ್‌ವರೆಗೂ ಇರಬಹುದು, ಪೇಸ್ಟ್ ಅದನ್ನು ತುಂಬುವುದಿಲ್ಲ.

ಉಳಿದ ಸಿರಿಂಜ್‌ಗೆ ಮುಚ್ಚಳ ಬಿಗಿಯಾಗಿ ಹಾಕಿ, ನೆರಳಿನಲ್ಲಿ ಇಡಿ. ಫ್ರಿಜ್ ಬೇಕಿಲ್ಲ, ತಗಡಿನ ಮಾಳಿಗೆಯ ಕೆಳಗಿನ ಅಟ್ಟವೂ ಬೇಡ. ಕ್ಯಾಬಿನೆಟ್ ಬಾಗಿಲಿನ ಒಳಮೈಗೆ ಒಂದು ತುಂಡು ಕಾಗದದ ಟೇಪ್ ಅಂಟಿಸಿ, ತಾರೀಕು, ಪೇಸ್ಟ್ ಹೆಸರು, ಕೋಣೆಯ ಉಷ್ಣತೆ, ಭಾರದಲ್ಲಿ ತೋರಿಸಿದ ಡಿಗ್ರಿ ಬರೆಯಿರಿ. ನನ್ನ ಯಂತ್ರದ ಟೇಪ್ ಮೇಲೆ ಈಗ ಮೂರು ಸಾಲು ಇವೆ. ಮೊದಲನೆಯದು ಆ ಲಗ್ನಪತ್ರಿಕೆಯ ದಿನದ್ದು. ಪಕ್ಕದಲ್ಲಿ 'ಎರಡು ಪಿನ್ನು, ಎರಡು ಚಹಾ' ಅಂತಲೂ ಬರೆದುಕೊಂಡಿದ್ದೇನೆ.